ಹತ್ತು ವರ್ಷ ಮೀರಿದವಳು

1890ರಲ್ಲಿ ಕಲ್ಕತ್ತದ ನ್ಯಾಯಾಲಯವೊಂದರ ಮುಂದೆ ಒಬ್ಬ ಗಂಡ ಆರೋಪಿಯಾಗಿ ನಿಂತ. ಅವನ ವಯಸ್ಸು ಮೂವತ್ತರ ಆಸುಪಾಸು. ಸತ್ತ ಹೆಂಡತಿಗೆ ಹತ್ತು ದಾಟಿತ್ತು, ಹನ್ನೆರಡು ತುಂಬಿರಲಿಲ್ಲ. ಇಬ್ಬರ ಹೆಸರೂ ಅಂದಿನ ಪತ್ರಿಕೆಗಳಲ್ಲಿ ಬೇಕಾದಷ್ಟು ಸಲ ಅಚ್ಚಾದವು. ಇಲ್ಲಿ ಅವು ಬೇಡ. ಯಾರು ಏನನ್ನು ತೀರ್ಮಾನಿಸಿದರು ಎಂಬುದಷ್ಟೇ ನಮಗೆ ಮುಖ್ಯ.

ಆ ರಾತ್ರಿ ಕೂಗು ಕೇಳಿ ತಾಯಿ ಹೋಗಿ ನೋಡಿದಾಗ ಮಗಳು ರಕ್ತದ ಮಡುವಿನಲ್ಲಿದ್ದಳು. ಉಟ್ಟ ಬಟ್ಟೆ, ಹಾಸಿಗೆ ಎಲ್ಲವೂ ತೊಯ್ದಿದ್ದವು. ರಕ್ತ ನಿಲ್ಲಲಿಲ್ಲ, ಹುಡುಗಿ ಉಳಿಯಲಿಲ್ಲ. ಒಳಗಾಯದಿಂದಾದ ರಕ್ತಸ್ರಾವವೇ ಸಾವಿಗೆ ಕಾರಣವೆಂದು ವೈದ್ಯರು ಸಾಕ್ಷಿ ನುಡಿದರು. ಹಿಂದೆಯೂ ತಾವು ಕೂಡಿದ್ದುಂಟು, ಆಗ ಏನೂ ಆಗಿರಲಿಲ್ಲ ಎಂಬುದು ಗಂಡನ ವಾದ. ಅಂಥದ್ದು ನಡೆದೇ ಇಲ್ಲವೆಂದು ಮನೆಯ ಹೆಂಗಸರು ಹೇಳಿದರು.

ಆದರೆ ಮೊಕದ್ದಮೆಯ ದಿಕ್ಕನ್ನು ಸಾಕ್ಷ್ಯಕ್ಕಿಂತ ಮೊದಲೇ ಕಾನೂನು ನಿರ್ಧರಿಸಿಬಿಟ್ಟಿತ್ತು. 1860ರ ದಂಡಸಂಹಿತೆಯ ಪ್ರಕಾರ, ಹೆಂಡತಿಗೆ ಹತ್ತು ವರ್ಷ ತುಂಬಿದ್ದರೆ ಗಂಡನ ಸಂಭೋಗ ಅತ್ಯಾಚಾರವಾಗುವುದಿಲ್ಲ. ಹುಡುಗಿ ಹತ್ತು ಮೀರಿದ್ದಳು. ಆದ್ದರಿಂದ ಅತ್ಯಾಚಾರದ ಮಾತು ಇಲ್ಲಿ ಬರುವುದಿಲ್ಲವೆಂದು ನ್ಯಾಯಾಧೀಶರು ಜ್ಯೂರಿಗೆ ತಿಳಿಸಿದರು. ಅವಳು ಒಪ್ಪಿದ್ದಳೇ ಎಂಬ ಪ್ರಶ್ನೆಗೆ ಆ ಕಾನೂನಿನಲ್ಲಿ ಜಾಗವೇ ಇರಲಿಲ್ಲ. ಕೊನೆಗೆ ಜೀವಕ್ಕೆ ಅಪಾಯ ತರುವ ದುಡುಕಿನ ಕೃತ್ಯದಿಂದ ತೀವ್ರ ಗಾಯ ಮಾಡಿದ ತಪ್ಪಿಗೆ ಅವನಿಗೆ ಒಂದು ವರ್ಷದ ಕಠಿಣ ಸಜೆಯಾಯಿತು.

ಊರೆಲ್ಲ ಬೆಚ್ಚಿತು. ಮರುವರ್ಷ, 1891ರಲ್ಲಿ, ಸರ್ಕಾರ ವಯಸ್ಸಿನ ಮಿತಿಯನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸುವ ಮಸೂದೆ ತಂದಿತು. ಕಲ್ಕತ್ತದ ಮೈದಾನದಲ್ಲಿ ಸಾವಿರಾರು ಜನ ಸೇರಿ ಪ್ರತಿಭಟಿಸಿದರು. ಋತುಮತಿಯಾದೊಡನೆ ಗರ್ಭಾಧಾನ ನಡೆಯಲೇಬೇಕು, ಈ ಕಾನೂನು ಧರ್ಮಕ್ಕೆ ಕೈಹಾಕುತ್ತದೆ ಎಂಬುದು ಅವರ ಆಕ್ಷೇಪ. ಪುಣೆಯ ರಾಷ್ಟ್ರೀಯ ನಾಯಕರೊಬ್ಬರು, ಸುಧಾರಣೆ ನಮ್ಮೊಳಗಿನಿಂದ ಬರಲಿ, ಪರಕೀಯ ಸರ್ಕಾರದಿಂದ ಬೇಡ ಎಂದರು. ಮಸೂದೆ ಅಂಗೀಕಾರವಾಯಿತು. ಆದರೆ ಆರೋಪಿ ಗಂಡನಾಗಿದ್ದರೆ ಪೊಲೀಸರು ವಾರಂಟಿಲ್ಲದೆ ಬಂಧಿಸುವಂತಿರಲಿಲ್ಲ. ಹಿರಿಯ ಮ್ಯಾಜಿಸ್ಟ್ರೇಟರ ಹೊರತು ಬೇರೆಯವರು ಅಂಥ ದೂರನ್ನು ವಿಚಾರಣೆಗೆ ಎತ್ತಿಕೊಳ್ಳುವಂತೆಯೂ ಇರಲಿಲ್ಲ. ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈ ಹಿಂದಕ್ಕೆ ಎಳೆದುಕೊಂಡಿತು.

ಇನ್ನು ತಪ್ಪಿನ ಲೆಕ್ಕ. ಗಂಡ ರಾಕ್ಷಸನೇನೂ ಆಗಿರಬೇಕಿಲ್ಲ. ಸುತ್ತಲಿನವರು ಮಾಡುತ್ತಿದ್ದುದನ್ನೇ ಅವನೂ ಮಾಡಿರಬಹುದು. ಆದರೆ ಎದುರಿಗಿದ್ದದ್ದು ಮಗು ಎಂದು ತಿಳಿಯಲು ಯಾವ ಶಾಸ್ತ್ರವೂ ಬೇಕಿರಲಿಲ್ಲ. ರೂಢಿ ಅವನ ನಡತೆಯನ್ನು ವಿವರಿಸುತ್ತದೆ, ಕ್ಷಮಿಸುವುದಿಲ್ಲ. ನ್ಯಾಯಾಲಯದಲ್ಲಿ ನಿಂತು ಸಾಕ್ಷಿ ಹೇಳಿದ ತಾಯಿಯ ಧೈರ್ಯ ದೊಡ್ಡದು. ಆ ಮದುವೆಯನ್ನು ನಡೆಸಿದ ಹಿರಿಯರ ಪಾಲು ಅದರಿಂದ ಕಡಿಮೆಯಾಗದು. ನ್ಯಾಯಾಧೀಶರು ಇದ್ದ ಕಾನೂನನ್ನು ಪ್ರಾಮಾಣಿಕವಾಗಿ ಓದಿದರು. ಅವರ ಕೈ ಕಟ್ಟಿದ್ದು ನಿಜ, ಕಟ್ಟಿದ ಹಗ್ಗ ಅವರದೇ ಪ್ರಭುತ್ವದ್ದು. ತಾವು ಸಭ್ಯತೆ ಕಲಿಸಲು ಬಂದವರೆಂದು ಹೇಳಿಕೊಳ್ಳುತ್ತಿದ್ದ ಆಳುವವರು, ಹೆಂಡತಿ ಒಮ್ಮೆ ಮದುವೆಗೆ ಒಪ್ಪಿದರೆ ಎಲ್ಲದಕ್ಕೂ ಒಪ್ಪಿದಂತೆ ಎಂಬ ತತ್ವವನ್ನು ಇಂಗ್ಲೆಂಡಿನಿಂದಲೇ ಹೊತ್ತು ತಂದಿದ್ದರು. ಅದನ್ನು ಇಲ್ಲಿನ ಗಂಡಸರು ಪರಕೀಯವೆಂದು ತಿರಸ್ಕರಿಸಲಿಲ್ಲ. ಪರಕೀಯವೆನಿಸಿದ್ದು ಎರಡು ವರ್ಷದ ಏರಿಕೆ ಮಾತ್ರ. ಆಳಿದವರೂ ಆಳಿಸಿಕೊಂಡವರೂ ಉಳಿದೆಲ್ಲದರಲ್ಲಿ ಕಾದಾಡುತ್ತ, ಈ ಒಂದು ವಿಷಯದಲ್ಲಿ ಸದ್ದಿಲ್ಲದೆ ರಾಜಿಯಾಗಿದ್ದರು.

ಒಳಗಿನಿಂದ ಸುಧಾರಣೆ ಅಸಾಧ್ಯವೂ ಆಗಿರಲಿಲ್ಲ. ಮೈಸೂರು ಸಂಸ್ಥಾನ 1894ರಲ್ಲಿ ಎಂಟು ವರ್ಷದೊಳಗಿನ ಹುಡುಗಿಯರ ಮದುವೆಯನ್ನು ನಿಷೇಧಿಸಿತು. ಇಂದು ಎಂಟು ಎಂಬುದು ನಾಚಿಕೆ ತರಿಸುವ ಮಿತಿ. ಆದರೂ ದೇಶೀಯ ಆಡಳಿತವೊಂದು ಮನಸ್ಸು ಮಾಡಿದರೆ ರೂಢಿಗೆ ಅಡ್ಡ ನಿಲ್ಲಬಲ್ಲದು ಎಂದು ಅದು ತೋರಿಸಿತು.

ಇದೆಲ್ಲ ಹಳೆಯ ಕಾಲದ ಕ್ರೌರ್ಯವೆಂದು ನಾವು ನಿರಾಳವಾಗುವಂತಿಲ್ಲ. ಅತ್ಯಾಚಾರದ ಕಾನೂನಿನಿಂದ ಗಂಡನಿಗೆ ಕೊಟ್ಟ ವಿನಾಯಿತಿ ಇನ್ನೂ ಉಳಿದಿದೆ. ವಯಸ್ಸಿನ ಮಿತಿ ಹನ್ನೆರಡರಿಂದ ಹದಿಮೂರಕ್ಕೆ, ಹದಿನೈದಕ್ಕೆ, 2017ರ ತೀರ್ಪಿನಿಂದ ಹದಿನೆಂಟಕ್ಕೆ ಏರಿತು. ಹದಿನೆಂಟು ದಾಟಿದ ಹೆಂಡತಿಗೆ 2023ರ ಹೊಸ ಸಂಹಿತೆಯೂ ಹಳೆಯ ಉತ್ತರವನ್ನೇ ಕೊಡುತ್ತದೆ. ಇಂಗ್ಲೆಂಡ್ ತನ್ನ ಆ ತತ್ವವನ್ನು 1991ರಲ್ಲೇ ಕೈಬಿಟ್ಟಿತು. 2013ರಲ್ಲಿ ನಮ್ಮ ಸಮಿತಿಯೊಂದು ಈ ವಿನಾಯಿತಿಯನ್ನು ತೆಗೆಯಿರಿ ಎಂದು ಶಿಫಾರಸು ಮಾಡಿತು, ಸರ್ಕಾರ ಒಪ್ಪಲಿಲ್ಲ. 2022ರಲ್ಲಿ ನಮ್ಮದೇ ರಾಜ್ಯದ ನ್ಯಾಯಾಲಯವೊಂದು ಗಂಡನ ಮೇಲಿನ ಅತ್ಯಾಚಾರದ ಆರೋಪವನ್ನು ರದ್ದುಮಾಡಲು ನಿರಾಕರಿಸಿತು. ಮೇಲಿನ ನ್ಯಾಯಾಲಯ ಅದಕ್ಕೆ ತಡೆ ಕೊಟ್ಟಿತು.

ಗಂಡಹೆಂಡಿರ ನಡುವೆ ಕಾನೂನು ತಲೆಹಾಕಬಾರದು, ಸಂಸಾರ ಒಡೆಯುತ್ತದೆ, ಸುಳ್ಳು ದೂರುಗಳು ಬರುತ್ತವೆ ಎಂಬ ಮಾತು ನಮ್ಮ ಮನೆಗಳಲ್ಲೂ ಕೇಳಿಬರುತ್ತದೆ. ಸುಳ್ಳು ದೂರಿನ ಭಯವನ್ನು ಹಗುರವಾಗಿ ಕಾಣಬೇಕಿಲ್ಲ. ಅದಕ್ಕೆ ಎಲ್ಲ ಅಪರಾಧಗಳಲ್ಲಿರುವಂತೆ ಸಾಕ್ಷ್ಯದ ಪರೀಕ್ಷೆ ಇದೆ. ಆದರೆ ಕಾನೂನು ಮನೆಯ ಹೊರಗಿದೆ ಎಂಬ ಮಾತೇ ಸುಳ್ಳು. ಅದು 1860ರಲ್ಲೇ ಮಲಗುವ ಕೋಣೆಯವರೆಗೆ ಬಂದು ಒಬ್ಬರ ಪಕ್ಷ ಹಿಡಿದು ಕುಳಿತಿದೆ. ವಿನಾಯಿತಿ ಎಂದರೆ ಕಾನೂನಿನ ಮೌನವಲ್ಲ, ಗಂಡನಿಗೆ ಅದು ಕೊಟ್ಟ ಅಭಯ. ಆದ್ದರಿಂದ ಕಾನೂನು ಒಳಗೆ ಬರಬೇಕೇ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಈಗಾಗಲೇ ಒಳಗಿರುವ ಕಾನೂನು ಇಬ್ಬರಿಗೂ ಸಮನಾಗಿರಬೇಕೇ ಬೇಡವೇ ಎಂದು ಕೇಳಬೇಕು. ಬೇಡ ಎನ್ನುವವರು ಅದನ್ನು ಧರ್ಮದ, ಸಂಸ್ಕೃತಿಯ, ಸಂಸಾರದ ಹೆಸರಿನಲ್ಲಿ ಹೇಳದೆ ನೇರವಾಗಿ ತಮ್ಮ ಹೆಸರಿನಲ್ಲೇ ಹೇಳಲಿ.