ದೇವರ ಮನೆಗೆ ಬಾರದ ಲೋಹ

ಒಂದು ವಸ್ತು ಶುದ್ಧವೋ ಅಶುದ್ಧವೋ ಎಂದು ತೀರ್ಮಾನಿಸುವಾಗ ನಾವು ಏನನ್ನು ನೋಡಬೇಕು? ಅದನ್ನು ಮುಟ್ಟಿದವರನ್ನೋ, ಅದು ಬಂದ ದಾರಿಯನ್ನೋ? ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿಕೊಂಡು, ಮನೆಯಲ್ಲಿ ಮಡಿಯಡುಗೆಯ ಕಟ್ಟಳೆಗಳ ನಡುವೆ ಬಾಳಿದ ನನ್ನಂಥವಳಿಗೆ ಈ ಪ್ರಶ್ನೆ ಎದುರಾದದ್ದು ಅಲ್ಯೂಮಿನಿಯಂ ಪಾತ್ರೆಯಿಂದ.

ನಮ್ಮ ಬೆಳಗಾವಿ ಕಡೆ ಅದನ್ನು ಜರ್ಮನ್ ಅನ್ನುತ್ತಾರೆ. ಜರ್ಮನ್ ಬೋಗುಣಿ, ಜರ್ಮನ್ ಡಬ್ಬಿ, ಜರ್ಮನ್ ತಾಟು. ಅಡುಗೆಮನೆಯಲ್ಲಿ ಅದಕ್ಕೆ ಜಾಗವಿತ್ತು, ಬಚ್ಚಲಲ್ಲಿತ್ತು, ದೇವರ ಮನೆಯಲ್ಲಿ ಮಾತ್ರ ಇರಲಿಲ್ಲ. ಅಲ್ಲಿ ತಾಮ್ರದ ತಂಬಿಗೆ, ಪಂಚಪಾತ್ರೆ, ಉದ್ಧರಣೆ. ಹಿತ್ತಾಳೆಯ ಗಂಟೆ, ಸಮೆ. ಬೆಳ್ಳಿಯ ಕುಂಕುಮದ ಬಟ್ಟಲು. "ಅಕ್ಕಿ ತೊಳಿಲಿಕ್ಕೆ ಅಡ್ಡಿಯಿಲ್ಲ, ದೇವರಿಗೆ ಏರಸಲಿಕ್ಕೆ ಮಾತ್ರ ಬ್ಯಾಡ," ಎನ್ನುತ್ತಿದ್ದರು ನಮ್ಮ ಅತ್ತೆ. ಯಾಕೆಂದು ಕೇಳಿದರೆ, "ಅದು ಹಿರಿಯರು ಕಂಡ ಲೋಹ ಅಲ್ಲ."

ಆ ಮಾತು ನಿಜವೇ. ಪಂಚಲೋಹದ ಎಣಿಕೆಯಲ್ಲಿ ಅದು ಬರುವುದಿಲ್ಲ, ಬರುವ ಹಾಗೂ ಇರಲಿಲ್ಲ. ಭೂಮಿಯ ಹೊರಪದರದಲ್ಲಿ ನೂರಕ್ಕೆ ಎಂಟು ಪಾಲು ಅಲ್ಯೂಮಿನಿಯಮ್ಮೇ ಆದರೂ ಅದನ್ನು ಲೋಹದ ರೂಪದಲ್ಲಿ ಬಿಡಿಸಿದ್ದು 1825ರಲ್ಲಿ, ಡೆನ್ಮಾರ್ಕಿನ ಓರ್‌ಸ್ಟೆಡ್. ಆಮೇಲೂ ಎಷ್ಟೋ ವರ್ಷ ಅದು ಅರಸರ ಮನೆಯ ಒಡವೆಯಾಗಿತ್ತು. 1886ರಲ್ಲಿ ಅಮೆರಿಕದ ಹಾಲ್ ಮತ್ತು ಫ್ರಾನ್ಸಿನ ಎರೂ, ಒಬ್ಬರಿಗೊಬ್ಬರ ಪರಿಚಯವಿಲ್ಲದೆಯೇ, ವಿದ್ಯುತ್ತಿನಿಂದ ಅದನ್ನು ತೆಗೆಯುವ ಒಂದೇ ವಿಧಾನವನ್ನು ಕಂಡುಕೊಂಡರು. ಬೆಲೆ ಕುಸಿಯಿತು. 1898ರಲ್ಲಿ ಮದರಾಸಿನ ಕಲಾಶಾಲೆಯಲ್ಲಿ ಆಲ್‌ಫ್ರೆಡ್ ಚಾಟರ್‌ಟನ್ ಅಲ್ಯೂಮಿನಿಯಂ ಪಾತ್ರೆ ಮಾಡಿಸಲು ಶುರುಮಾಡಿದರು. ಮುಂದೆ ಮೈಸೂರು ಸಂಸ್ಥಾನದಲ್ಲಿ ಕೈಗಾರಿಕಾ ಇಲಾಖೆಯ ನಿರ್ದೇಶಕರಾದವರು ಇವರೇ. ಹೀಗೆ ನಮ್ಮ ಅಡುಗೆಮನೆಗೆ ಬಂದ ಲೋಹ ಅಗ್ಗವಾಗಿತ್ತು, ಹಗುರವಾಗಿತ್ತು. ಕಬ್ಬಿಣದ ತೂಕದ ಮೂರನೇ ಒಂದು ಪಾಲಷ್ಟೇ ಅದರ ತೂಕ. ಬೇಗ ಕಾಯುತ್ತದೆ, ಉರುವಲು ಉಳಿಯುತ್ತದೆ. ತಾಮ್ರ, ಹಿತ್ತಾಳೆ ಕೊಳ್ಳಲಾಗದವರ ಮನೆಯಲ್ಲಿ ಅನ್ನ ಬೆಂದದ್ದು ಇದರಲ್ಲೇ.

ಬಡವರ ಪಾತ್ರೆ ಅನ್ನಿಸಿಕೊಂಡದ್ದಕ್ಕೇ ಅದಕ್ಕೆ ಕೀಳು ದರ್ಜೆ ಬಂತೆಂದು ನನ್ನ ನಂಬಿಕೆ. ಎಷ್ಟೋ ಮನೆಗಳ ಹಿತ್ತಲ ಗೂಡಿನಲ್ಲಿ ಒಂದು ಜರ್ಮನ್ ಲೋಟ, ಒಂದು ಜರ್ಮನ್ ತಾಟು ಬೇರೆಯಾಗಿ ಇರುತ್ತಿದ್ದವು. ಅಂಗಳ ಗುಡಿಸಲು ಬಂದವರಿಗೆ, ಸೌದೆ ಸೀಳಲು ಬಂದವರಿಗೆ ಚಹಾ ಅದರಲ್ಲಿ. ಕುಡಿದವರೇ ತೊಳೆದು ಮತ್ತೆ ಗೂಡಿನಲ್ಲಿ ಬೋರಲು ಹಾಕಬೇಕು. ಆ ಲೋಟದಲ್ಲಿ ಅಶುದ್ಧಿ ಏನಾದರೂ ಇದ್ದಿದ್ದರೆ ಅದು ಕೊಟ್ಟವರ ಕೈಯಿಂದ ಬಂದದ್ದು. ಧರ್ಮದ ಹೆಸರಿನಲ್ಲಿ ಮನುಷ್ಯರಿಗೆ ಮಾಡಿದ ಶ್ರೇಣಿಯನ್ನೇ ನಾವು ಲೋಹಗಳಿಗೂ ಹಂಚಿದೆವು. ಇದನ್ನು ಮೊದಲು ಹೇಳದೆ ಮಡಿಯ ಬಗ್ಗೆ ಮುಂದೆ ಮಾತಾಡುವುದು ಸರಿಯಲ್ಲ.

ಮಡಿಯ ಪರವಾಗಿ ಒಂದು ವಾದವುಂಟು: ಹುಣಸೆಹುಳಿ ಹಾಕಿದರೆ ಜರ್ಮನ್ ಪಾತ್ರೆ ಕರಗುತ್ತದೆ, ಅದಕ್ಕೇ ಹಿರಿಯರು ದೂರವಿಟ್ಟರು. ಹುಳಿಗೂ ಸೋಡಾಕ್ಕೂ ಅದು ಕರಗುವುದು ನಿಜ. ಸಾರನ್ನು ರಾತ್ರಿಯಿಡೀ ಅದರಲ್ಲಿ ಬಿಡಬಾರದೆಂದು ನಾನೂ ಹೇಳುತ್ತೇನೆ. ಆದರೆ ಹಿತ್ತಾಳೆಯೂ ಹುಳಿಗೆ ಕಿಲುಬುಗಟ್ಟುತ್ತದೆ. ಕಲಾಯಿ ಹಾಕಿಸದೆ ಅದರಲ್ಲಿ ಸಾರು ಕುದಿಸಿದರೆ ಕಾಯಿಲೆ ಬರಬಹುದು. ಅಲ್ಯೂಮಿನಿಯಂ ಕಲಾಯಿಯವನ ದಾರಿ ಕಾಯುವುದಿಲ್ಲ. ಗಾಳಿ ತಾಗಿದ ಕ್ಷಣವೇ ಆಮ್ಲಜನಕವನ್ನು ಹಿಡಿದು ತನ್ನ ಮೇಲೆ ತಾನೇ ಕಲಾಯಿ ಹಾಕಿಕೊಳ್ಳುತ್ತದೆ. ಒಂದು ಮಿಲಿಮೀಟರಿನ ಲಕ್ಷದ ಒಂದು ಭಾಗಕ್ಕಿಂತಲೂ ತೆಳುವಾದ ಪದರ ಅದು. ಕಣ್ಣಿಗೆ ಕಾಣದು, ನೀರಿಗೆ ಜಗ್ಗದು, ಗೀರಿದರೆ ಆ ಕ್ಷಣವೇ ಮತ್ತೆ ಬೆಳೆಯುತ್ತದೆ.

ಆ ಪದರವನ್ನು ಬೆಳೆಯಗೊಡದಿದ್ದರೆ ಏನಾಗುತ್ತದೆಂದು ತೋರಿಸುವ ಪ್ರಯೋಗವೊಂದನ್ನು ನಮ್ಮ ಕಾಲದ ಪ್ರಯೋಗಶಾಲೆಗಳಲ್ಲಿ ಮಾಡುತ್ತಿದ್ದೆವು. ಪಾದರಸದ ಲವಣ ವಿಷವಾದ್ದರಿಂದ ಈಗ ಮಾಡುವುದಿಲ್ಲ, ಮಾಡಲೂಬಾರದು. ಅಲ್ಯೂಮಿನಿಯಂ ಪಟ್ಟಿಯೊಂದನ್ನು ಮರಳುಕಾಗದದಿಂದ ಉಜ್ಜಿ, ಮೇಲೆ ಮರ್ಕ್ಯುರಿಕ್ ಕ್ಲೋರೈಡ್ ದ್ರಾವಣ ಸವರಿ, ಸ್ವಲ್ಪ ಹೊತ್ತಿನ ನಂತರ ತೊಳೆದು ಒರೆಸಿ ಮೇಜಿನ ಮೇಲಿಡಬೇಕು. ಪಾದರಸ ಕೂತ ಜಾಗದಲ್ಲಿ ಕಲಾಯಿ ಅಂಟುವುದಿಲ್ಲ. ನೋಡನೋಡುತ್ತಿದ್ದಂತೆ ಹೊಳೆಯುವ ಲೋಹದಿಂದ ಬೆಳ್ಳನೆಯ ಎಳೆಗಳು ಮೇಲೇಳತೊಡಗುತ್ತವೆ. ಮುರಿದರೆ ಅದೇ ಜಾಗದಲ್ಲಿ ಮತ್ತೆ ಏಳುತ್ತವೆ. ಪಟ್ಟಿ ಬೆಚ್ಚಗಾಗುತ್ತದೆ. ಹಿಂದಿನ ಬೆಂಚಿನ ಹುಡುಗರೂ ಎದ್ದು ಬಂದು ಮೇಜಿನ ಸುತ್ತ ನಿಲ್ಲುತ್ತಿದ್ದರು. ಆ ಬಿಳಿ ಎಳೆ ಅಲ್ಯೂಮಿನಿಯಂ ಆಕ್ಸೈಡ್. ಲೋಹದ ಅದಿರಾದ ಬಾಕ್ಸೈಟ್ ಮಣ್ಣಿನೊಳಗಿದ್ದದ್ದೂ ಅದೇ. ಲೋಹವು ನಮ್ಮ ಕಣ್ಣೆದುರೇ ತಾನು ಬಂದ ಕಡೆಗೆ ಹೊರಟಿರುತ್ತದೆ.

ನನ್ನ ವಿಚಾರ ಕವಲೊಡೆದದ್ದು ಇಲ್ಲಿ. ಅಲ್ಯೂಮಿನಿಯಮ್ಮನ್ನು ನಾವು ಮುಟ್ಟಿಯೇ ಇಲ್ಲ. ಪಾತ್ರೆ ತಿಕ್ಕುವಾಗ ಬೆರಳಿಗೆ ಸಿಗುವುದು ಆಕ್ಸೈಡ್ ಮಾತ್ರ. ಲೋಹವೆಂಬುದು ಆಮ್ಲಜನಕದಿಂದ ಬಲವಂತವಾಗಿ ಬಿಡಿಸಿ ತಂದದ್ದು. ಆ ಬಲವಂತಕ್ಕೆ ಕೊಟ್ಟ ಬೆಲೆ ಲೋಹದ ಒಳಗೇ ಕೂತಿರುತ್ತದೆ, ಸಂದು ಸಿಕ್ಕರೆ ಶಾಖವಾಗಿ ಹೊರಬರುತ್ತದೆ. ನಮ್ಮ ಮಾತಿನಲ್ಲಿ ಇದಕ್ಕೆ ಋಣ ಎನ್ನದೆ ಬೇರೆ ಏನೆನ್ನಲಿ? ದೇವಋಣ, ಋಷಿಋಣ, ಪಿತೃಋಣವೆಂದು ನಮ್ಮ ಧರ್ಮ ಹೇಳುತ್ತದೆ. ಹುಟ್ಟಿದ ಪ್ರತಿಯೊಬ್ಬನೂ ತೀರಿಸಬೇಕಾದ ಸಾಲ. ವಸ್ತುಗಳಿಗೂ ಋಣವಿದೆ, ಬಳಸುವವರೇ ಅದನ್ನು ಹೊರಬೇಕು ಎಂದು ನಾನು ಒಪ್ಪಿಕೊಂಡಿದ್ದೇನೆ.

ಅಲ್ಯೂಮಿನಿಯಮ್ಮಿನ ಋಣವೇನು ಸಣ್ಣದೇ? ಸುಮಾರು ನಾಲ್ಕು ಟನ್ ಬಾಕ್ಸೈಟ್ ಅಗೆದರೆ ಎರಡು ಟನ್ ಅಲ್ಯೂಮಿನಾ ಎಂಬ ಆಕ್ಸೈಡ್ ಪುಡಿ, ಅದರಿಂದ ಒಂದು ಟನ್ ಲೋಹ. ಮಣ್ಣನ್ನು ಬಿಸಿ ಕಾಸ್ಟಿಕ್ ಸೋಡಾದಲ್ಲಿ ಕರಗಿಸಿ ಸೋಸಿದಾಗ ಹಿಂದುಳಿಯುವುದು ಕೆಂಪು ಕೆಸರು. 2010ರ ಅಕ್ಟೋಬರಿನಲ್ಲಿ ಹಂಗೆರಿಯ ಆಯ್ಕಾದಲ್ಲಿ ಅಂಥ ಕೆಸರಿನ ಕಟ್ಟೆ ಒಡೆದು ಹತ್ತು ಜನ ಸತ್ತರು. ಸೋಸಿದ ಬಿಳಿಪುಡಿಯನ್ನು ಕ್ರಯೋಲೈಟ್ ಎಂಬ ಖನಿಜದಲ್ಲಿ ಕರಗಿಸಿ, ಸುಮಾರು 950 ಡಿಗ್ರಿ ಕಾವಿನಲ್ಲಿ ವಿದ್ಯುತ್ ಹಾಯಿಸುತ್ತಾರೆ. ಒಂದು ಕಿಲೋ ಲೋಹಕ್ಕೆ 13ರಿಂದ 15 ಯೂನಿಟ್ ಬೇಕು. ಸಾಧಾರಣ ಮನೆಯೊಂದರ ಎರಡು ಮೂರು ದಿನದ ಬಳಕೆ. ಒಡಿಶಾದ ಹಿರಾಕುಡ್ ಅಣೆಕಟ್ಟು 1957ರಲ್ಲಿ ಉದ್ಘಾಟನೆಯಾಯಿತು. ಎರಡೇ ವರ್ಷದಲ್ಲಿ ಅದರ ಪಕ್ಕ ಅಲ್ಯೂಮಿನಿಯಂ ಕುಲುಮೆ ಎದ್ದಿತು. ನೀರಿನಡಿ ಹೋದ ಊರುಗಳ ಗುಡಿಗಳು ಬೇಸಿಗೆಯಲ್ಲಿ ನೀರು ಇಳಿದಾಗ ಇಂದಿಗೂ ತಲೆ ತೋರುತ್ತವಂತೆ. ಹಗುರ ಪಾತ್ರೆ ಎನ್ನುತ್ತೇವೆ. ತಕ್ಕಡಿಯಲ್ಲಿ ಮಾತ್ರ ಅದು ಹಗುರ.

ಈಗ ನಮ್ಮ ದೇವರ ಮನೆಯನ್ನೇ ಇನ್ನೊಮ್ಮೆ ನೋಡೋಣ. ಭಾದ್ರಪದ ಚೌತಿಗೆ ತರುವ ಗಣಪತಿ ಜೇಡಿಮಣ್ಣಿನವನು. ಜೇಡಿಮಣ್ಣೆಂದರೆ ಅಲ್ಯೂಮಿನಿಯಂ, ಸಿಲಿಕಾನ್, ಆಮ್ಲಜನಕ ಸೇರಿದ್ದು. ದೇವಿಯ ಮೂಗುತಿಯ ಕೆಂಪು ಮಾಣಿಕ್ಯ ಅಪ್ಪಟ ಅಲ್ಯೂಮಿನಿಯಂ ಆಕ್ಸೈಡ್. ಒಂದು ಚಿಟಿಕೆ ಕ್ರೋಮಿಯಂ ಅದಕ್ಕೆ ಬಣ್ಣ ಕೊಟ್ಟಿದೆ. ನೀಲಮಣಿಯೂ ಅದೇ ಕುಲ. ಮಗುವಿಗೆ ದೃಷ್ಟಿ ನಿವಾಳಿಸುವ ಪಟಿಕದಲ್ಲೂ ಅದಿದೆ. ಅತ್ತೆಯವರು ದೂರವಿಟ್ಟದ್ದು ಈ ಧಾತುವನ್ನೇ ಅಲ್ಲವೆಂದು ಈಗ ನನಗೆ ಅನ್ನಿಸುತ್ತದೆ. ತನ್ನ ನೆಲೆಯಲ್ಲಿ ತಾನಿದ್ದ ರೂಪವನ್ನು ಅವರು ಪೂಜಿಸಿದರು, ನೆಲೆಯಿಂದ ಕಿತ್ತು ತಂದ ರೂಪವನ್ನು ಹೊರಗೆ ನಿಲ್ಲಿಸಿದರು. ಕಾರಣ ಅವರಿಗೆ ಗೊತ್ತಿರಲಿಲ್ಲ. ಆದರೆ ಮಣ್ಣಿನ ಗಣಪತಿಗೆ ಆವಾಹನೆ ಮಾಡುವ ಮನೆಯಲ್ಲಿ ವಿಸರ್ಜನೆಯೂ ಆಗುತ್ತದೆ. ಹೊಲದಿಂದ ತಂದ ಮಣ್ಣು ಬಾವಿಗೋ ಕೆರೆಗೋ ಮರಳುತ್ತದೆ. ಕರೆದದ್ದನ್ನು ಕಳಿಸಿಕೊಡುವ ಈ ಕ್ರಮದಲ್ಲಿ ಇರುವಷ್ಟು ಧರ್ಮ ತಾಮ್ರದ ತಂಬಿಗೆಯಲ್ಲಿ ಇಲ್ಲ.

ನಿಯಮಗಿರಿಯ ಡೋಂಗ್ರಿಯಾ ಕೊಂಡರ ಬಗ್ಗೆ ಓದಿದಾಗ ನನಗೆ ಅವರು ಅಪರಿಚಿತರೆನ್ನಿಸಲಿಲ್ಲ. ಒಡಿಶಾದ ರಾಯಗಡ, ಕಾಳಾಹಂಡಿ ಜಿಲ್ಲೆಗಳ ಗಡಿಯಲ್ಲಿರುವ ಆ ಬೆಟ್ಟಸಾಲಿನ ಜನ ಆಡುವ ಕುವಿ ನುಡಿ ಕನ್ನಡದ ಬಳಗದ್ದೇ, ದ್ರಾವಿಡ ಭಾಷೆ. ಅವರ ದೇವರು ನಿಯಮರಾಜ. ಅವನಿಗೆ ಗುಡಿ ಗೋಪುರ ಬೇಕಿಲ್ಲ, ಬೆಟ್ಟವೇ ಅವನು. ಬೆಟ್ಟದ ನೆತ್ತಿಯ ಮೇಲೆ ಬಾಕ್ಸೈಟಿನ ದಪ್ಪ ಹಾಸು. ಮಳೆನೀರನ್ನು ಹೀರಿಟ್ಟುಕೊಂಡು ಬೇಸಿಗೆಯಲ್ಲೂ ತೊರೆಗಳಿಗೆ ಬಿಡುವುದು ಅದೇ ಹಾಸು. ಅವರು ಅದನ್ನು ದೇವರ ಕೊಡುಗೆ ಎನ್ನುತ್ತಾರೆ, ಭೂವಿಜ್ಞಾನಿ ಸರಂಧ್ರ ಶಿಲೆ ಎನ್ನುತ್ತಾನೆ. ಇಬ್ಬರೂ ಹೇಳುವುದು ಒಂದೇ ನೀರಿನ ಸಂಗತಿ. ಬೆಟ್ಟದ ಬುಡದ ಲಾಂಜಿಗಡದಲ್ಲಿ ಅಲ್ಯೂಮಿನಾ ಕಾರ್ಖಾನೆ ಮೊದಲೇ ಎದ್ದು ನಿಂತಿತ್ತು. ಗಣಿಯ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. 2013ರ ಏಪ್ರಿಲ್ 18ರಂದು ನ್ಯಾಯಾಲಯ ಹೇಳಿತು: ನಿಯಮರಾಜನನ್ನು ಪೂಜಿಸುವ ಹಕ್ಕಿಗೆ ಗಣಿಯಿಂದ ಧಕ್ಕೆಯಾಗುತ್ತದೆಂದಾದರೆ ಆ ಹಕ್ಕನ್ನು ಕಾಪಾಡಬೇಕು, ಧಕ್ಕೆಯಾಗುತ್ತದೆಯೇ ಎಂಬುದನ್ನು ಗ್ರಾಮಸಭೆ ಪರಿಶೀಲಿಸಲಿ. ಆ ವರ್ಷದ ಮಳೆಗಾಲದಲ್ಲಿ ಜಿಲ್ಲಾ ನ್ಯಾಯಾಧೀಶರ ಸಮ್ಮುಖದಲ್ಲಿ 12 ಹಳ್ಳಿಗಳಲ್ಲಿ ಸಭೆ ಸೇರಿತು. ಹನ್ನೆರಡೂ ಹಳ್ಳಿ ಗಣಿ ಬೇಡವೆಂದವು. ದೇವರಿಗೆ ಇಷ್ಟು ಜಾಗ, ಗಣಿಗೆ ಅಷ್ಟು ಜಾಗ ಎಂಬ ಲೆಕ್ಕ ಅವರಿಗೆ ಒಪ್ಪಿಗೆಯಾಗಲಿಲ್ಲ. ಇಡೀ ಬೆಟ್ಟಸಾಲೇ ನಿಯಮರಾಜನದು ಎಂದರು. 2014ರ ಜನವರಿಯಲ್ಲಿ ಕೇಂದ್ರದ ಪರಿಸರ ಸಚಿವಾಲಯ ಅನುಮತಿ ನಿರಾಕರಿಸಿತು.

ಮಣ್ಣಿನ ರಾಶಿಯನ್ನು ದೇವರೆನ್ನುವುದು ಅಜ್ಞಾನವಲ್ಲವೇ ಎಂದು ಓದಿದವರೊಬ್ಬರು ನನ್ನನ್ನು ಕೇಳಿದರು. ಅವರು ಕೊನಾರ್ಕದ ಸೂರ್ಯ ದೇವಾಲಯ ನೋಡಿ, ಕೈಮುಗಿದು ಬಂದವರು. ಕೊನಾರ್ಕವನ್ನು ಬಹುಮಟ್ಟಿಗೆ ಕಟ್ಟಿದ್ದು ಖೊಂಡಲೈಟ್ ಎಂಬ ಶಿಲೆಯಿಂದ. ಅದೇ ಶಿಲೆ ಪೂರ್ವಘಟ್ಟದ ನೆತ್ತಿಯ ಮೇಲೆ ಲಕ್ಷಾಂತರ ವರ್ಷ ಮಳೆಗೆ ನೆನೆದು, ಬಿಸಿಲಿಗೆ ಒಣಗಿ, ಸಿಲಿಕಾ ತೊಳೆದುಹೋಗಿ ಬಾಕ್ಸೈಟ್ ಆಗಿದೆ. ಒಂದು ಕಡೆ ಶಿಲ್ಪಿ ಕೆತ್ತಿದ, ಇನ್ನೊಂದು ಕಡೆ ಮಳೆ ಕೆತ್ತಿತು. ಉಳಿಯ ಪೆಟ್ಟು ಬಿದ್ದರೆ ಮಾತ್ರ ಕಲ್ಲು ದೇವರಾಗುತ್ತದೆ ಎಂದು ಯಾವ ಆಗಮದ ಬಲದಿಂದ ಹೇಳೋಣ? ನಮ್ಮಲ್ಲೇ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ದೊಡ್ಡಸಂಪಿಗೆ ಎಂಬ ಮರವೇ ದೇವರು. ಉದ್ಭವಲಿಂಗಕ್ಕೆ ಅಡ್ಡಬೀಳುವ ನಾವು ಬೆಟ್ಟದ ದೇವರನ್ನು ಅನುಮಾನಿಸುವ ಹಕ್ಕು ಪಡೆದಿಲ್ಲ.

ಆದರೆ ಇದರಿಂದ ನನ್ನ ಕೈ ತೊಳೆದಂತಾಗುವುದಿಲ್ಲ. ಕುಕ್ಕರ್ ಅಲ್ಯೂಮಿನಿಯಂ, ಕಿಟಕಿಯ ಚೌಕಟ್ಟು ಅಲ್ಯೂಮಿನಿಯಂ, ರಕ್ತದೊತ್ತಡದ ಮಾತ್ರೆಯ ಹಾಳೆ ಅಲ್ಯೂಮಿನಿಯಂ. ದೇವರ ಮುಂದಿನ ಪುಟ್ಟ ಬಲ್ಬಿಗೆ ವಿದ್ಯುತ್ ಬರುವುದೂ ಕಂಬದಿಂದ ಕಂಬಕ್ಕೆ ಎಳೆದ ಅಲ್ಯೂಮಿನಿಯಂ ತಂತಿಯ ಮೂಲಕ. ತೂಕಕ್ಕೆ ತೂಕ ಹಿಡಿದರೆ ಅದು ತಾಮ್ರದ ಎರಡರಷ್ಟು ವಿದ್ಯುತ್ತನ್ನು ಹೊರುತ್ತದೆ. ಹಳ್ಳಿಗೆ ಬೆಳಕು ಬಂದದ್ದು ಅದರಿಂದಲೇ. ನಿಯಮಗಿರಿ ಉಳಿಯಿತು, ಅದಕ್ಕೆ ದೂರವಲ್ಲದ ಬಾಫ್ಲಿಮಾಲಿ ಬೆಟ್ಟದಲ್ಲಿ ಗಣಿ ನಡೆದಿದೆ. ಆ ಬೆಟ್ಟಕ್ಕಾಗಿ ನಡೆದ ಹೋರಾಟದಲ್ಲಿ 2000ದ ಡಿಸೆಂಬರಿನಲ್ಲಿ ಮೈಕಂಚ್ ಎಂಬ ಊರಿನಲ್ಲಿ ಪೊಲೀಸರ ಗುಂಡಿಗೆ ಮೂವರು ಆದಿವಾಸಿಗಳು ಬಲಿಯಾದರು. ನನ್ನ ಕುಕ್ಕರಿನ ಲೋಹ ಯಾವ ಬೆಟ್ಟದ್ದೆಂದು ಅಂಗಡಿಯವನಿಗೆ ಗೊತ್ತಿಲ್ಲ, ಮಾಡಿದವರು ಬರೆಯುವುದಿಲ್ಲ. ಮದುವೆಯಲ್ಲಿ ಕೊಟ್ಟ ಪಾತ್ರೆಯ ಮೇಲೆ ಕೊಟ್ಟವರ ಹೆಸರು, ಊರು, ತಾರೀಖು ಚುಕ್ಕಿ ಚುಕ್ಕಿಯಾಗಿ ಕೊರೆಸುವ ಜನ ನಾವು. ಮೊದಲು ಕೊಟ್ಟ ಬೆಟ್ಟದ ಹೆಸರು ಮಾತ್ರ ಬೇಡವಾಯಿತೇ?

ಮಡಿ ಬೇಕು ಎನ್ನುವವಳೇ ನಾನು. ಎಚ್ಚರವಿಲ್ಲದೆ ಯಾವುದನ್ನೂ ಮುಟ್ಟಬಾರದು, ಬಳಸಬಾರದು ಎಂಬ ಶಿಸ್ತು ಅದರ ತಿರುಳು. ಆ ಎಚ್ಚರ ಇಷ್ಟು ದಿನ ಮನುಷ್ಯರನ್ನು ದೂರವಿಡಲು ಖರ್ಚಾಯಿತು. ಇನ್ನು ಅದನ್ನು ವಸ್ತುವಿನ ಕಡೆಗೆ ತಿರುಗಿಸಬೇಕು: ಎಲ್ಲಿಂದ ಬಂತು, ಯಾರು ಕಳೆದುಕೊಂಡರು, ಎಲ್ಲಿಗೆ ಹೋಗಬೇಕು. ಕೊನೆಯ ಪ್ರಶ್ನೆಗೆ ಅಲ್ಯೂಮಿನಿಯಂ ಕೊಡುವಷ್ಟು ಒಳ್ಳೆಯ ಉತ್ತರವನ್ನು ಕೊಡುವ ವಸ್ತು ಕಡಿಮೆ. ಅದಿರಿನಿಂದ ತೆಗೆಯಲು ಬೇಕಾದ ಶಕ್ತಿಯ ನೂರಕ್ಕೆ ಐದು ಪಾಲಿನಲ್ಲಿ ಹಳೆಯ ಲೋಹವನ್ನು ಕರಗಿಸಿ ಮತ್ತೆ ಬಳಸಬಹುದು, ಎಷ್ಟು ಸಲ ಬೇಕಾದರೂ. 660 ಡಿಗ್ರಿಗೆ ಕರಗುತ್ತದೆ. ಒಮ್ಮೆ ಬಿಡಿಸಿ ತಂದದ್ದನ್ನು ಮತ್ತೆ ಬಿಡಿಸಬೇಕಿಲ್ಲ.

ನಮ್ಮ ಓಣಿಗೆ ಬರುವ ಗುಜರಿಯವನು ಸವೆದ ಕಡಾಯಿ ಕೊಟ್ಟರೆ ಮೊದಲು ಹಿಡಿಯ ಕಬ್ಬಿಣದ ಮೊಳೆಗಳನ್ನು ಬಡಿದು ತೆಗೆಯುತ್ತಾನೆ, ಆಮೇಲೆ ತೂಗುತ್ತಾನೆ. ಕಬ್ಬಿಣ ಬೆರೆತರೆ ಎರಕ ಕೆಡುತ್ತದೆಂದು ಅವನಿಗೆ ಗೊತ್ತು. ಮಾತ್ರೆಯ ಹಾಳೆಯನ್ನು ಅವನು ಒಯ್ಯುವುದಿಲ್ಲ, ಪ್ಲಾಸ್ಟಿಕ್ ಅಂಟಿರುತ್ತದೆ. ಕಂಡಕಂಡ ಗುಜರಿಯನ್ನು ಒಟ್ಟಿಗೆ ಕರಗಿಸಿ ಎರಕ ಹೊಯ್ದ ಪಾತ್ರೆಯಲ್ಲಿ ಸೀಸ ಸೇರಿರಬಹುದು, ಅದರಲ್ಲಿ ಅಡುಗೆ ಮಾಡಬಾರದು ಎಂದು ಅವನಿಗೂ ಹೇಳಿದ್ದೇನೆ, ನೆರೆಮನೆಯವರಿಗೂ ಹೇಳುತ್ತೇನೆ. ಇಂಜಿನ್ನಿನ ಭಾಗಕ್ಕೆ, ಬಾಗಿಲ ಹಿಡಿಕೆಗೆ ಅದು ಧಾರಾಳವಾಗಿ ಸಲ್ಲುತ್ತದೆ. "ಅಕ್ಕಾರ, ನಿಮ್ಮದನ್ನ ಬ್ಯಾರೆ ಚೀಲದಾಗ ಹಾಕ್ತೀನಿ," ಎಂದ. ಕಡಾಯಿ ಒಂದು ಕಿಲೋಗೆ ಸ್ವಲ್ಪ ಕಡಿಮೆ ತೂಗಿತು.