ನಿಂತವನ ಹೊಣೆ

ಹುಮ್ನಾಬಾದಿನ ಹತ್ತಿರ ಹೆದ್ದಾರಿಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರೊಂದು ತಿರುಗಲಾಗದೆ ಅಡ್ಡ ನಿಂತಿತ್ತು. ಅದರ ಹಿಂದೆ ಬಸ್ಸು, ಬಸ್ಸಿನ ಹಿಂದೆ ನಾನು. ಬೈಕನ್ನು ನ್ಯೂಟ್ರಲ್‌ಗೆ ಹಾಕಿ, ಎರಡೂ ಕಾಲು ನೆಲಕ್ಕೂರಿ, ಕನ್ನಡಕ ತೆಗೆದು ಒರೆಸುತ್ತಿದ್ದೆ. ಬೆನ್ನ ಹಿಂದೆ ಟೈರು ಕಿರುಚಿದ ಸದ್ದಾಯಿತು. ತಿರುಗಿ ನೋಡಿದರೆ ಲಾರಿಯೊಂದು ನನ್ನ ಹಿಂದಿನ ಚಕ್ರದಿಂದ ಒಂದು ಮೊಳದಷ್ಟು ದೂರದಲ್ಲಿ ನಿಂತಿತ್ತು. ಚಾಲಕ ಕಿಟಕಿಯಿಂದ ತಲೆ ಹೊರಹಾಕಿ ನನ್ನನ್ನೇ ಬೈದ: "ನಡು ರಸ್ತ್ಯಾಗ ಆರಾಮ ಕುಂತೀರಲ್ಲ, ಹಿಂದ ಏನ್ ಬರ್ತದ ನೋಡಬಾರ್ದೇನ್ರಿ?"

ಸಸ್ತಾಪುರ ಬಂಗ್ಲಾ ದಾಟಿ ಬಸವಕಲ್ಯಾಣ ಸೇರುವವರೆಗೂ ನನ್ನ ಸಿಟ್ಟು ಇಳಿಯಲಿಲ್ಲ. ಓಡಿಸಿದವನು ಅವನು, ನಿಂತವನು ನಾನು. ನಿಂತವನದ್ದು ಏನು ತಪ್ಪು?

ಮರುದಿನ ಇದನ್ನು ನನ್ನ ಗಾಡಿ ರಿಪೇರಿ ಮಾಡುವ ಮಿಸ್ತ್ರಿಗೆ ಹೇಳಿದೆ. ಸಮಾಧಾನದ ಮಾತು ಬರುತ್ತದೆಂದು ಕಾದಿದ್ದವನಿಗೆ ಬಂದದ್ದು ಪಾಠ. "ಸರ, ನಿಂತಾಗ ನ್ಯೂಟ್ರಲ್ ಮಾಡಬ್ಯಾಡ್ರಿ. ಒಂದನೇ ಗೇರಿನ್ಯಾಗ ಇಟ್ಟು ಕ್ಲಚ್ ಹಿಡೀರಿ. ಎಡಗಾಲು ನೆಲಕ್ಕ, ಬಲಗಾಲು ಬ್ರೇಕಿನ ಮ್ಯಾಲ. ಅಂದ್ರ ಹಿಂದಿನ ಲೈಟ್ ಹತ್ತಿರ್ತದ." ಬಸ್ಸಿನ ಬೆನ್ನಿಗೆ ಅಂಟಿಕೊಂಡು ನಿಲ್ಲಬಾರದು, ಮುಂದೆ ಒಂದು ಗಾಡಿ ಹಿಡಿಯುವಷ್ಟು ಜಾಗ ಬಿಡಬೇಕು. ನಟ್ಟನಡುವೆ ನಿಲ್ಲದೆ ಎಡಕ್ಕೆ ಸರಿದು, ಚಕ್ರವನ್ನು ಖಾಲಿ ಜಾಗದ ಕಡೆಗೆ ಮಾಡಿರಬೇಕು. ಹಿಂದೆ ಒಂದೆರಡು ವಾಹನ ಬಂದು ನಿಲ್ಲುವ ತನಕ ಕನ್ನಡಿಯಿಂದ ಕಣ್ಣು ತೆಗೆಯಬಾರದು. ಇಷ್ಟು ಹೇಳಿ ಅವನು ನನ್ನ ಹ್ಯಾಂಡಲ್ ಕಡೆ ನೋಡಿದ. ಎಡಗಡೆಯ ಕನ್ನಡಿ ಇರಲಿಲ್ಲ. ಮನೆ ಬಾಗಿಲಿಗೆ ತಾಗುತ್ತದೆಂದು ನಾನೇ ಬಿಚ್ಚಿಸಿದ್ದೆ, ಅದೂ ಅವನ ಕೈಯಿಂದಲೇ!

ಮಿಸ್ತ್ರಿಯ ಮಾತಿನಲ್ಲಿ ಲೆಕ್ಕವಿದೆ. ಗಂಟೆಗೆ 60 ಕಿಲೋಮೀಟರ್ ವೇಗದ ಲಾರಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಕ್ರಮಿಸುತ್ತದೆ. ಚಾಲಕನಿಗೆ ಕಂಡದ್ದು ಅರಿವಾಗಿ ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡ್ ಹಿಡಿದರೆ 25 ಮೀಟರ್ ಕಳೆದೇ ಹೋಯಿತು. ಲಾರಿ ನಿಲ್ಲುವ ಕೆಲಸ ಶುರುವಾಗುವುದು ಅಲ್ಲಿಂದಾಚೆ. ನಾನು ಎರಡೂ ಕಾಲು ಊರಿ, ಕೈಯನ್ನೂ ಬ್ರೇಕಿನಿಂದ ತೆಗೆದು ಕುಳಿತಿದ್ದರಿಂದ ಕೆಂಪು ದೀಪವೂ ಉರಿಯುತ್ತಿರಲಿಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಜನ ದ್ವಿಚಕ್ರ ಸವಾರರು. ಐದರಲ್ಲಿ ಒಂದು ಅಪಘಾತ ಹಿಂದಿನಿಂದ ಗುದ್ದಿದ್ದು. ಸೋಲಾಪುರ-ಹೈದರಾಬಾದ್ ಹೆದ್ದಾರಿಯೂ ಬೀದರ್-ಕಲಬುರಗಿ ಹೆದ್ದಾರಿಯೂ ಕೂಡುವ ಹುಮ್ನಾಬಾದಿನವರಿಗೆ ಇದನ್ನು ಅಂಕಿಗಳಲ್ಲಿ ಹೇಳಬೇಕಾಗಿಲ್ಲ.

ಆದರೂ ನನ್ನ ಪ್ರಶ್ನೆ ಹಾಗೆಯೇ ಉಳಿಯಿತು. ತಪ್ಪು ಮಾಡುವವನು ಒಬ್ಬ, ಎಚ್ಚರ ವಹಿಸಬೇಕಾದವನು ಇನ್ನೊಬ್ಬ ಎಂದರೆ ಅದು ಯಾವ ನ್ಯಾಯ? ಹೆಣ್ಣು ಮಕ್ಕಳಿಗೆ "ಕತ್ತಲಾಗುವುದರೊಳಗೆ ಮನೆ ಸೇರಿ" ಎನ್ನುವ ಸಮಾಜ ಬೀದಿಯ ಪುಂಡರಿಗೆ ಏನೂ ಹೇಳುವುದಿಲ್ಲ. ಬೈಕ್ ಸವಾರನಿಗೆ ಕೊಡುವ ಉಪದೇಶವೂ ಅಂಥದ್ದೇ ಅಲ್ಲವೇ? ನಾಳೆ ಅವನು ಸತ್ತರೆ "ಕನ್ನಡಿ ನೋಡಬೇಕಿತ್ತು" ಎಂದು ಮಯ್ಯತ್ತಿನ ಮನೆಯಲ್ಲೇ ಯಾರಾದರೂ ಅಂದುಬಿಡುತ್ತಾರೆ.

ನಮ್ಮಲ್ಲಿ ಇನ್ನೊಂದು ಉತ್ತರ ಸಿದ್ಧವಾಗಿಯೇ ಇರುತ್ತದೆ: ತಕ್ದೀರಿನಲ್ಲಿ ಬರೆದದ್ದು ತಪ್ಪದು. ಹೀಗೆನ್ನುವವರಿಗೆ ಒಂಟೆಯನ್ನು ಮೊದಲು ಕಟ್ಟು, ಆಮೇಲೆ ಅಲ್ಲಾಹನಲ್ಲಿ ಭರವಸೆಯಿಡು ಎಂದು ಪ್ರವಾದಿಯವರು ತಿಳಿಹೇಳಿದ ಪ್ರಸಂಗವನ್ನು ನೆನಪಿಸುವುದು ವಾಡಿಕೆ. ಆದರೆ ಅಲ್ಲಿ ಒಂಟೆ ಕೇಳಿದವನದ್ದೇ ಆಗಿತ್ತು. ಇಲ್ಲಿ ಬಿಚ್ಚಿಕೊಂಡು ಓಡಿ ಬರುತ್ತಿರುವುದು ಬೇರೆಯವರ ಒಂಟೆ. ಅದನ್ನು ನಾನು ಕಟ್ಟುವುದು ಹೇಗೆ?

ಹೊಣೆ ಯಾರದ್ದೆಂಬುದರಲ್ಲಿ ಶರೀಅತ್ತಿಗೆ ಗೊಂದಲವಿಲ್ಲ. ಉದ್ದೇಶವಿಲ್ಲದೆ ಪ್ರಾಣ ತೆಗೆದವನ ಮೇಲೂ ದಿಯತ್ ಇದೆ, ಕಫ್ಫಾರದ ಹೊಣೆ ಇದೆ. "ಬೇಕಂತ ಮಾಡಲಿಲ್ಲ" ಎಂದು ಕೈ ಕೊಡವಿ ಹೋಗುವಂತಿಲ್ಲ. ನಮ್ಮ ಸುಪ್ರೀಂ ಕೋರ್ಟಿನ 2020ರ ಜನವರಿಯ ತೀರ್ಪೊಂದೂ ಇಲ್ಲಿ ನೆನಪಾಗುತ್ತದೆ. ದೆಹಲಿಯಲ್ಲಿ 2008ರಲ್ಲಿ ಮೂವರು ಕುಳಿತಿದ್ದ ಬೈಕಿಗೆ ಕಾರು ಹಿಂದಿನಿಂದ ಗುದ್ದಿ ಹಿಂಬದಿ ಸವಾರನೊಬ್ಬ ಸತ್ತಿದ್ದ. ಮೂವರು ಕುಳಿತದ್ದೂ ತಪ್ಪೇ ಎಂದು ಹೈಕೋರ್ಟು ಪರಿಹಾರದಲ್ಲಿ ನೂರಕ್ಕೆ 10ರಷ್ಟು ಕಡಿತ ಮಾಡಿತ್ತು. ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಮೂವರು ಕೂರುವುದು ಕಾನೂನಿನ ಉಲ್ಲಂಘನೆ ಇರಬಹುದು, ಆದರೆ ಅಪಘಾತಕ್ಕಾಗಲಿ ಪೆಟ್ಟಿಗಾಗಲಿ ಅದು ಕಾರಣವೆಂದು ಸಾಬೀತಾಗದೆ ಸತ್ತವನ ಮೇಲೆ ಪಾಲು ಹೊರಿಸಲಾಗದು ಎಂಬುದು ಆ ತೀರ್ಪಿನ ತಿರುಳು.

ಇದನ್ನು ಓದಿದ ಮೇಲೆ ನನಗೊಂದು ವಿಷಯ ತಿಳಿಯಾಯಿತು. ಲಾರಿ ಚಾಲಕ ಹೇಳಿದ್ದೂ ಮಿಸ್ತ್ರಿ ಹೇಳಿದ್ದೂ ಒಂದೇ ಮಾತು: ಹಿಂದೆ ನೋಡು. ಚಾಲಕನ ಬಾಯಲ್ಲಿ ಅದು ತನ್ನ ಹೊಣೆಯನ್ನು ನನ್ನ ತಲೆಗೆ ಕಟ್ಟುವ ಮಾತು. ಮಿಸ್ತ್ರಿಯ ಬಾಯಲ್ಲಿ ನಾನು ಬದುಕಿರಲೆಂಬ ಮಾತು. ಒಂದು ಆಗಿಹೋದುದರ ಲೆಕ್ಕ, ಇನ್ನೊಂದು ಆಗಬಹುದಾದುದರ ಚಿಂತೆ. ಎಚ್ಚರಿಕೆ ನನ್ನದೆಂದು ಒಪ್ಪಿಕೊಂಡರೆ ತಪ್ಪು ನನ್ನದೆಂದು ಒಪ್ಪಿದಂತಾಗುವುದಿಲ್ಲ. ಸಿಟ್ಟಿನಲ್ಲಿ ನಾನು ಇವೆರಡನ್ನೂ ಬೆರೆಸಿಬಿಟ್ಟಿದ್ದೆ.

ಆದರೆ ಮಿಸ್ತ್ರಿಯ ಪಾಠದಲ್ಲೂ ಒಂದು ತೊಡಕಿದೆ, ಅದನ್ನು ಅವನಿಗೆ ಹೇಳಿಲ್ಲ. ಲಾರಿ ಬರುವುದನ್ನು ಕಂಡು ನಾನು ಎಡಕ್ಕೆ ನುಸುಳಿದೆ ಎನ್ನಿ. ನನ್ನ ಮುಂದೆ ಬಸ್ಸಿನ ಬದಲು ಹೆಂಡತಿ ಮಕ್ಕಳನ್ನು ಕೂರಿಸಿಕೊಂಡ ಇನ್ನೊಬ್ಬ ಸವಾರನಿದ್ದರೆ, ಪೆಟ್ಟು ಅವನಿಗೆ ಬೀಳುತ್ತದೆ. ನಾನು ತಪ್ಪಿಸಿಕೊಂಡದ್ದು ಪಾಪವೇ? ಅಲ್ಲವೆಂದೇ ನನಗನಿಸುತ್ತದೆ. ನಾನು ಅಲ್ಲೇ ನಿಂತಿದ್ದರೂ ನನ್ನ ದೇಹ ಲಾರಿಗೆ ಗೋಡೆಯಾಗುತ್ತಿರಲಿಲ್ಲ. ಆದರೂ ಹಾರ್ನ್ ಹೊಡೆದು ಮುಂದಿನವನನ್ನು ಎಚ್ಚರಿಸದೆ ನುಸುಳಿದ್ದರೆ ನನಗೆ ನಿದ್ದೆ ಬರುತ್ತಿರಲಿಲ್ಲ. ಸಾಲಿನಲ್ಲಿ ನಿಂತ ವಾಹನಗಳ ನಡುವೆ ನುಸುಳಿ ಮುಂದೆ ಹೋಗುವವರನ್ನು ನಾವು ಬೈಯುತ್ತೇವೆ. ಅಮೆರಿಕದ ಯೂಟಾ ರಾಜ್ಯ 2019ರಲ್ಲಿ ಕೆಲವು ಷರತ್ತುಗಳ ಮೇಲೆ ಅದಕ್ಕೆ ಅನುಮತಿ ಕೊಟ್ಟದ್ದು ಹಿಂದಿನಿಂದ ಗುದ್ದುವ ಅಪಾಯ ತಪ್ಪಿಸಲೆಂದೇ. ನಮ್ಮ ಹುಡುಗರು ನುಸುಳುವುದು ಅವಸರಕ್ಕೆ, ಅದು ಬೇರೆ ಮಾತು.

ಕಬ್ಬಿನ ಟ್ರ್ಯಾಕ್ಟರಿನವರನ್ನೂ ಬಿಡುವಂತಿಲ್ಲ. ಹಿಂದಿನ ದೀಪವಿಲ್ಲದ ಎರಡೆರಡು ಟ್ರೇಲರ್ ಕಟ್ಟಿಕೊಂಡು ರಾತ್ರಿ ಹೆದ್ದಾರಿಗೆ ಇಳಿಯುತ್ತಾರೆ. ಬೆಳಕಿಗೆ ಹೊಳೆಯುವ ಪಟ್ಟಿ ಅಂಟಿಸಲು ಎಷ್ಟು ಖರ್ಚಾದೀತು?

ನಮ್ಮೂರಿನ ರಾಜಾ ಬಾಗ್‌ಸವಾರ್ ದರ್ಗಾದ ಹೆಸರೇ ಹುಲಿಯ ಮೇಲೆ ಸವಾರಿ ಮಾಡಿದವರದ್ದು. ಅವರಿಗೆ ಕನ್ನಡಿ ಬೇಕಿರಲಿಲ್ಲ. ನಾನು ಎಡಗಡೆಯದನ್ನು ಮತ್ತೆ ಹಾಕಿಸಿದ್ದೇನೆ. ಮೊನ್ನೆ ಹುಮ್ನಾಬಾದಿನಲ್ಲಿ ಗಾಡಿಗಳ ಸಾಲು ನಿಂತಾಗ ಅದರಲ್ಲಿ ಕಂಡವನು ನನ್ನ ಹಿಂದೆ ಬೈಕ್ ನಿಲ್ಲಿಸಿ ಮೊಬೈಲ್ ಒತ್ತುತ್ತಿದ್ದ ಒಬ್ಬ ಹುಡುಗ. ಅವನ ಹಿಂದೆ ಯಾರೂ ಇರಲಿಲ್ಲ, ರಸ್ತೆ ಖಾಲಿ. "ತಮ್ಮಾ, ಸ್ವಲ್ಪ ಹಿಂದ ನೋಡಪ್ಪ" ಎಂದೆ. ಅವನು ಮೊಬೈಲಿನಿಂದ ತಲೆಯೆತ್ತಿ, ಅವತ್ತು ಲಾರಿಯವನನ್ನು ನಾನು ನೋಡಿದ ಹಾಗೆಯೇ ನನ್ನನ್ನು ನೋಡಿದ.