ಆದಿತ್ಯವಾರದ ಕೂಲಿ

ಆದಿತ್ಯವಾರ ದುಡಿದವನಿಗೆ ಬೇರೆ ದಿನಗಳಿಗಿಂತ ಹೆಚ್ಚು ಕೂಲಿ ಸಲ್ಲತಕ್ಕದ್ದೋ ಎಂಬ ಪ್ರಶ್ನೆಯು ಪಟ್ಟಣದ ಕಾರ್ಖಾನೆಯವರದೇ ಹೊರತು ಹಳ್ಳಿಯ ಸಭೆಗಳದಲ್ಲವೆಂದು ಕೆಲವರು ಎಣಿಸುವದುಂಟು. ಆದರೆ ಇಟ್ಟಿಗೆಗೂಡಿನ ಮೇಸ್ತ್ರಿಯು ಶನಿವಾರ ಸಾಯಂಕಾಲ ಬಟವಾಡೆ ಮಾಡುವಾಗ, "ನಾಳೆ ಬಂದವರಿಗೆ ಒಂದೂವರೆ ಕೂಲಿ" ಎಂದು ಹೇಳಿದರೆ, ಆ ರಾತ್ರಿ ನಮ್ಮವರ ಎಷ್ಟೋ ಮನೆಗಳಲ್ಲಿ ದೀಪವಾರಿಸಿದ ಮೇಲೂ ಗಂಡಹೆಂಡಿರ ಮಾತು ನಿಲ್ಲುವದಿಲ್ಲ. ಮಗನ ಶಾಲೆಯ ಹಣ ಬಾಕಿ, ಅಂಗಡಿಯ ಸಾಲ ಬಾಕಿ. ಅತ್ತ ಬೆಳಿಗ್ಗೆ ದೇವಾಲಯದ ಗಂಟೆ. ಆದಕಾರಣ, ಪ್ರಿಯ ವಾಚಕರೇ, ಈ ಸಂಗತಿಯನ್ನು ತುಸು ನಿಧಾನವಾಗಿ ವಿಚಾರಿಸೋಣ.

ನಮ್ಮ ಸೀಮೆಯ ಅನೇಕ ಊರುಗಳಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗವಿಡುವದಿಲ್ಲ. ಅದು ಬಸವಣ್ಣನ ದಿನ. ಎರಡು ಹೊರೆ ಮೇವು ಹಾಕಿ ಸೋಮವಾರವೂ ಹೂಡಿದರಾಯಿತೆಂದು ಅಲ್ಲಿಯ ಒಕ್ಕಲಿಗನು ಲೆಕ್ಕ ಹಾಕುವದಿಲ್ಲ. ಆದರೆ ಎತ್ತಿಗೆ ದೊರೆತ ಆ ಬಿಡುವು ಅದರ ಹಿಂದೆ ನಡೆಯುವ ಆಳಿಗೆ ಅನೇಕ ಸಾರಿ ದೊರೆಯಲಿಲ್ಲ. ಅಂದು ಅವನನ್ನು ಬೇಲಿ ಕಟ್ಟುವದಕ್ಕೋ ಸೌದೆ ಒಡೆಯುವದಕ್ಕೋ ಕಳುಹಿಸುತ್ತಿದ್ದರು. ಮೋಶೆಯ ಧರ್ಮಶಾಸ್ತ್ರವಾದರೋ ಎತ್ತು ಕತ್ತೆಗಳ ಸಂಗಡ ದಾಸನನ್ನೂ ದಾಸಿಯನ್ನೂ ಹೆಸರಿಸಿ, ಅವರೂ ಯಜಮಾನನಂತೆಯೇ ವಿಶ್ರಮಿಸಬೇಕೆಂದು ವಿಧಿಸುತ್ತದೆ. ನೀನೂ ಐಗುಪ್ತದಲ್ಲಿ ದಾಸನಾಗಿದ್ದದ್ದನ್ನು ನೆನಸಿಕೋ ಎಂದು ಕಾರಣವನ್ನೂ ಕೊಡುತ್ತದೆ. ನಮ್ಮಲ್ಲಿ ಬಹು ಮಂದಿಯ ಅಜ್ಜಂದಿರು ಜೀತದಲ್ಲಿದ್ದವರು. ಅವರಿಗೆ ಈ ಮಾತನ್ನು ಯಾರೂ ವ್ಯಾಖ್ಯಾನಿಸಬೇಕಾಗಿರಲಿಲ್ಲ.

ರೋಮಾಪುರದ ಕಾನ್‌ಸ್ಟಂಟೈನ್ ಚಕ್ರವರ್ತಿಯು 321ರಲ್ಲಿ ಆದಿತ್ಯವಾರ ನ್ಯಾಯಾಧಿಪತಿಗಳೂ ಪಟ್ಟಣದವರೂ ಕೆಲಸ ಬಿಡಬೇಕೆಂದು ಆಜ್ಞಾಪಿಸಿದನು. ಆದರೆ ಬಿತ್ತನೆಯ ಹದ ತಪ್ಪಬಾರದೆಂದು ಹೊಲದವರಿಗೆ ಮಾತ್ರ ಕೆಲಸಮಾಡುವ ಅಪ್ಪಣೆಯಿತ್ತನು. ಅಂದಿನಿಂದಲೂ ಹೊಲದ ಆಳಿನ ವಿಶ್ರಾಂತಿಯು ಮಳೆಯ ಹೆಸರಿನಲ್ಲಿ ತೇಲಿಹೋಗುತ್ತಾ ಬಂದಿದೆ. ನಮ್ಮ ದೇಶದಲ್ಲಿ ಈ ದಿನಕ್ಕಾಗಿ ಮೊದಲು ಬಹಿರಂಗವಾಗಿ ಕೂಗಿದವರು ಮುಂಬಯಿಯ ಗಿರಣಿಯವರು. 1884ರಲ್ಲಿ ನಾರಾಯಣ ಮೇಘಾಜಿ ಲೋಖಂಡೆಯವರು ಆಳುಗಳನ್ನು ಕೂಡಿಸಿ, ವಾರಕ್ಕೊಂದು ಆದಿತ್ಯವಾರದ ರಜೆಯನ್ನೂ ನಡುಹಗಲಲ್ಲಿ ಅರ್ಧ ಗಂಟೆಯ ಬಿಡುವನ್ನೂ ಬೇಡಿದರು. 1890ರಲ್ಲಿ ಮಾಲೀಕರು ರಜೆಗೆ ಒಪ್ಪಿದರು; 1891ರ ಕಾಯಿದೆಯು ಅದನ್ನು ಸ್ಥಿರಪಡಿಸಿತು. ಬೇಡಿದವರಲ್ಲಿ ಹೆಚ್ಚಿನವರು ಕ್ರೈಸ್ತರಲ್ಲವೆಂಬದನ್ನು ನಾವು ಮರೆಯಬಾರದು. ಅವರು ದಿನವನ್ನೇ ಬೇಡಿದರು, ದಿನಕ್ಕೆ ಹೆಚ್ಚು ಕ್ರಯವನ್ನು ಬೇಡಲಿಲ್ಲ.

ಮುಂದೆ 1948ರ ಕಾರ್ಖಾನೆಗಳ ಕಾಯಿದೆಯು ಸಹ ಇದೇ ದಾರಿ ಹಿಡಿಯಿತು. ಆದಿತ್ಯವಾರ ಕೆಲಸ ಮಾಡಿಸಿದರೆ ಅದಕ್ಕೆ ಹಿಂದಿನ ಇಲ್ಲವೆ ಮುಂದಿನ ಮೂರು ದಿನಗಳೊಳಗೆ ಒಂದು ಪೂರ್ಣ ರಜೆ ಕೊಡತಕ್ಕದ್ದು. ನಡುವೆ ಒಂದು ಪೂರ್ಣ ರಜೆಯಿಲ್ಲದೆ ಹತ್ತು ದಿನಕ್ಕಿಂತ ಹೆಚ್ಚು ದುಡಿಸಕೂಡದು. ಎರಡರಷ್ಟು ಕೂಲಿಯನ್ನು ಅದು ಗೊತ್ತುಮಾಡಿದ್ದು ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಮೀರಿದ ಕೆಲಸಕ್ಕೆ. ಅಂದರೆ ದೇಹದ ದಣಿವಿಗೆ ಲೆಕ್ಕ ಸಿಕ್ಕಿತು, ಆದಿತ್ಯವಾರವೆಂಬ ಕಾರಣಕ್ಕೆ ಏನೂ ಸಿಕ್ಕಲಿಲ್ಲ. 2020ರ ಸಂಹಿತೆಯೂ ವಾರದ ರಜೆಯನ್ನೂ ಹೆಚ್ಚು ಹೊತ್ತಿನ ಇಮ್ಮಡಿ ಕೂಲಿಯನ್ನೂ ಉಳಿಸಿಕೊಂಡಿದೆ. ಇದೆಲ್ಲಾ ಒಳ್ಳೇದೇ. ಆದರೆ ಕಳೆ ಕೀಳುವ ಹೆಂಗಸಿಗೆ ಹಾಜರಿ ಪುಸ್ತಕವೆಲ್ಲಿ?

ಈಗ ಮುಖ್ಯವಾದ ಆಕ್ಷೇಪಣೆಗೆ ಬರೋಣ. ಹೆಚ್ಚು ಕೂಲಿಯು ಗಾಳದ ಹುಳವೆಂದೂ ಬಡವನನ್ನು ಕರ್ತನ ದಿನದಿಂದ ಎಳೆದುಕೊಂಡು ಹೋಗುವದೆಂದೂ, ಆದಕಾರಣ ಅದನ್ನು ಕೇಳುವದೇ ತಪ್ಪೆಂದೂ ಕೆಲವು ಹಿರಿಯರು ಹೇಳುತ್ತಾರೆ. ಅವರ ಭಯವು ಸುಳ್ಳಲ್ಲ. ಆದರೆ ಕೂಲಿ ಹೆಚ್ಚಿಲ್ಲದಿದ್ದರೆ ಧಣಿಯು ಕರೆಯುವದನ್ನು ಬಿಡುವನೋ? ಅಗ್ಗವಾಗಿ ಸಿಕ್ಕುವದನ್ನು ಯಾರೂ ಮಿತವಾಗಿ ಬಳಸುವದಿಲ್ಲ. ಸಬ್ಬತ್ತು ಯಾವಾಗ ಕಳೆದೀತು, ಗೋದಿಯ ಕಣಜವನ್ನು ಯಾವಾಗ ತೆರೆದೇವು ಎಂದು ತವಕಿಸಿದವರನ್ನು ಆಮೋಸನು ಗದರಿಸಿದನಲ್ಲವೇ? ಅವರು ಹೊಟ್ಟೆಗಿಲ್ಲದವರಲ್ಲ, ವರ್ತಕರು. ಪ್ರವಾದಿಯು ಗದರಿಸಬೇಕಾದವರನ್ನೇ ಗದರಿಸಿದನು. ನಾವಾದರೋ ಆರಾಧನೆಗೆ ಬಾರದ ಕೂಲಿಯವನನ್ನು ಸಭೆಯ ಮುಂದೆ ನಿಲ್ಲಿಸಿ, ಅವನನ್ನು ಕರೆಸಿಕೊಂಡ ತೋಟದ ಒಡೆಯನಿಗೆ ಕ್ರಿಸ್ಮಸ್ಸಿನಲ್ಲಿ ಮುಂದಿನ ಕುರ್ಚಿ ಹಾಕುತ್ತೇವೆ.

ಮನ್ನದ ವೃತ್ತಾಂತದಲ್ಲಿ ಒಂದು ಸೂಕ್ಷ್ಮವುಂಟು. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ಇಮ್ಮಡಿ ಆಹಾರ ದೊರೆತದ್ದು ಆರನೆಯ ದಿನದಲ್ಲಿ. ಏಳನೆಯ ದಿನ ಹೊರಟವರಿಗೆ ಏನೂ ಸಿಕ್ಕಲಿಲ್ಲ. ದೇವರು ವಿಶ್ರಾಂತಿಯನ್ನು ಆಜ್ಞಾಪಿಸುವದಕ್ಕೆ ಮುಂಚೆ ಅದಕ್ಕೆ ಬೇಕಾದ ಬುತ್ತಿಯನ್ನು ಕಟ್ಟಿಕೊಟ್ಟನು. ಆರು ದಿನದ ಕೂಲಿಯು ಏಳು ದಿನದ ಗಂಜಿಗೆ ಸಾಲದಿದ್ದರೆ, ವಿಶ್ರಮಿಸೆಂದು ಆಳಿಗೆ ಬೋಧಿಸುವದು ಬರಿಗೈಯವನಿಗೆ ದಾನದ ಮಹಿಮೆಯನ್ನು ಹೇಳಿದಂತೆ. ಆದಿತ್ಯವಾರದ ಒಂದೂವರೆ ಕೂಲಿಯನ್ನು ಬಿಡಲಾರದವನು ಉಳಿದ ಆರು ದಿನ ತನಗೆ ಕಡಿಮೆ ಕೊಡುತ್ತಿದ್ದಾರೆಂಬದಕ್ಕೆ ಸಾಕ್ಷಿಯಾಗಿದ್ದಾನೆ. ನಿಜವಾದ ಹೆಚ್ಚಳವು ಶನಿವಾರದ ಬಟವಾಡೆಯಲ್ಲಿ ಇರಬೇಕು.

ಆಸ್ಟ್ರೇಲಿಯದಲ್ಲಿ ಅಂಗಡಿಗಳ ಖಾಯಂ ಕೆಲಸಗಾರರಿಗೆ ಆದಿತ್ಯವಾರ ಎರಡರಷ್ಟು ಸಂಬಳವಿತ್ತು. 2017ರಲ್ಲಿ ಅಲ್ಲಿಯ ಕೂಲಿಯ ನ್ಯಾಯಮಂಡಲಿಯು ಅದನ್ನು ಹಂತಹಂತವಾಗಿ ಒಂದೂವರೆಗೆ ಇಳಿಸಿತು. ಆ ದಿನ ದುಡಿಯುವದರಿಂದ ಜನರಿಗಾಗುವ ನಷ್ಟವು ಹಿಂದಿನಷ್ಟು ಇಲ್ಲವೆಂಬದು ಅದರ ಕಾರಣಗಳಲ್ಲೊಂದು. ಇದನ್ನು ನಾವು ಗಮನಿಸಬೇಕು. ಆರಾಧನೆ, ನೆಂಟರ ಮನೆ, ಮಕ್ಕಳ ಆಟ, ರೋಗಿಗಳ ಭೇಟಿ ಇವೆಲ್ಲವೂ ಒಂದೇ ದಿನದಲ್ಲಿ ಕೂಡಿರುವದರಿಂದ ಆ ದಿನ ಹೋದವನಿಗೆ ನಷ್ಟವಾಗುತ್ತದೆ. ಮಂಗಳವಾರ ರಜೆ ಕೊಟ್ಟರೆ ಮೈ ವಿಶ್ರಮಿಸೀತು, ಆದರೆ ಮಂಗಳವಾರ ಮಗ ಶಾಲೆಯಲ್ಲಿರುತ್ತಾನೆ, ಗುಡಿಯ ಬಾಗಲು ಮುಚ್ಚಿರುತ್ತದೆ. ಜನರು ಕೂಡುವದನ್ನೇ ಬಿಟ್ಟರೆ ಆ ನಷ್ಟಕ್ಕೆ ಬೆಲೆಯೂ ಇಳಿಯುತ್ತದೆ. ಬಿಡುವಿದ್ದೂ ಆದಿತ್ಯವಾರ ಸಂತೆಯಲ್ಲಿ ಕಾಲಕಳೆಯುವವನು ದುಡಿಯಲೇಬೇಕಾದ ತನ್ನ ನೆರೆಯವನ ಕೂಲಿಯನ್ನೂ ತಗ್ಗಿಸುತ್ತಾನೆ.

ಹೀಗಿರಲಾಗಿ ನನ್ನ ಅಭಿಪ್ರಾಯವು ಇದು. ಹಸು ಕರೆಯುವದು, ಬಾಣಂತಿಯನ್ನು ನೋಡುವದು, ಬಾವಿಗೆ ಬಿದ್ದ ಎತ್ತನ್ನು ಎತ್ತುವದು, ಇವುಗಳಲ್ಲಿ ನೆರೆಯವನು ನೆರೆಯವನಿಂದ ಹೆಚ್ಚೇನನ್ನೂ ಕೇಳದಿರಲಿ. ಸಂಬಳದ ಮೇಲೆ ಆಸ್ಪತ್ರೆಯಲ್ಲಿರುವ ದಾದಿಯು ಹೆಚ್ಚು ಪಡೆದರೆ ಸಂಕೋಚವಿಲ್ಲದೆ ಪಡೆಯಲಿ, ಬದಲಿ ದಿನವನ್ನೂ ಬಿಡದಿರಲಿ. ಧಣಿಯ ಲಾಭಕ್ಕಾಗಿಯೇ ನಡೆಯುವ ಕೆಲಸಕ್ಕಾದರೋ ಹೆಚ್ಚು ಕೂಲಿ ಸಲ್ಲಲೇಬೇಕು. ಕರೆಯುವ ಮುಂಚೆ ಅವನು ಎರಡು ಸಾರಿ ಯೋಚಿಸುವಷ್ಟು ಸಲ್ಲಬೇಕು. ಬಾರೆನೆಂದವನಿಗೆ ಸೋಮವಾರ ಕೆಲಸ ತಪ್ಪಬಾರದು. ಈ ಕಡೆಯ ಮಾತಿಲ್ಲದೆ ಮಿಕ್ಕದ್ದೆಲ್ಲಾ ಹೊಟ್ಟು. ನಮ್ಮಲ್ಲಿ ಹೊಲವುಳ್ಳವರು ಅನ್ಯಮತದ ಆಳನ್ನು ಕರೆದು, ಇವನಿಗೆ ಆದಿತ್ಯವಾರವೇನು ಎನ್ನುವದುಂಟು. ಅವನಿಗೆ ಶುಕ್ರವಾರವಿದ್ದರೆ ಶುಕ್ರವಾರವನ್ನು ಕೊಡಿರಿ, ಹಬ್ಬವಿದ್ದರೆ ಹಬ್ಬವನ್ನು ಕೊಡಿರಿ.

ಇಷ್ಟು ಬರೆದ ಮೇಲೆ ಒಂದು ಕೂಲಿಯ ಮಾತು ಉಳಿದಿದೆ. ಆರಾಧನೆ ಮುಗಿದು ಗಂಡಸರು ಜಗಲಿಯ ಮೇಲೆ ಕುಳಿತು ಪ್ರಸಂಗದ ಗುಣದೋಷಗಳನ್ನು ಎಣಿಸುವಾಗ ಒಳಗೆ ಖಾರ ಅರೆಯುವ ಸಪ್ಪಳ ಕೇಳಿಸುತ್ತಿರುತ್ತದೆ. ಅಡಿಗೆಯವಳಿಗೆ ಆದಿತ್ಯವಾರ ಕೆಲಸ ಹೆಚ್ಚೇ ಹೊರತು ಕಡಿಮೆಯಲ್ಲ. ಒಂದೂವರೆ ಕೂಲಿಯೂ ಇಲ್ಲ, ಬದಲಿ ದಿನವೂ ಇಲ್ಲ. ಇದನ್ನು ಮುಂದಿನ ಸ್ತ್ರೀಯರ ಕೂಟದಲ್ಲಿ ಅವರೇ ವಿಚಾರಿಸಲಿ. ಆ ಹೊತ್ತು ಕೂಸುಗಳನ್ನು ಗಂಡಸರು ಎತ್ತಿಕೊಂಡಿರಲಿ.